ಫೈನಲ್ ದಿನದ ನೀರು

ಐದು ವರ್ಷ ಸಾಲಾಗಿ ಫೈನಲ್ ಮುಟ್ಟಿ, ಐದೂ ಸಲ ಸೋತ ತಂಡವನ್ನು ಯಾರಾದರೂ ತಾವಾಗಿಯೇ ತಲೆಗೆ ಕಟ್ಟಿಕೊಳ್ಳುತ್ತಾರೆಯೇ? ನಾನು ಕಟ್ಟಿಕೊಂಡೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಹುಲಕೋಟಿಯಲ್ಲಿ ಮನೆ ಮಾಡಿಕೊಂಡು ಹತ್ತಿರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿದ್ದೆ. ಪಟಿಯಾಲಕ್ಕೆ ಹೋಗಿ ಹಾಕಿ ಆಟದ ಆರು ವಾರದ ತರಬೇತಿ ಮುಗಿಸಿ ಬಂದವನು ಎಂಬ ಸುದ್ದಿ ಹೇಗೋ ಆ ತಂಡವನ್ನು ಸಾಕುತ್ತಿದ್ದ ಬೆಟಗೇರಿಯ ಅರಳೆ ಸಾಹುಕಾರರ ಕಿವಿಗೆ ಬಿದ್ದಿತ್ತು. ಅವರು ಕರೆಸಿದರು, ನಾನು ಹೋದೆ. ಆರು ವಾರದ ತರಬೇತಿಯಲ್ಲಿ ನಾನು ಕಲಿತದ್ದು ಎಷ್ಟು ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಅಂಗಡಿಯ ಗಾದಿಯ ಮೇಲೆ ಲೋಡಿಗೆ ಒರಗಿ ಕುಳಿತಿದ್ದ ಸಾಹುಕಾರರು ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ಮಾಸ್ತರ, ನಮ್ಮ ಹುಡುಗರಿಗೆ ನಾ ಏನ ಕಡಿಮಿ ಮಾಡೇನಿ ಹೇಳ್ರಿ. ಜಲಂಧರದಿಂದ ಸ್ಟಿಕ್ ತರಸ್ತೀನಿ. ದಿನಾ ಹಾಲು, ತತ್ತಿ. ಪರ ಊರಿಗೆ ಹೋಗಾಕ ನಂದ ಮೋಟಾರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಎಲ್ಲಾ ಕಡಿಯಿಂದ ಮಂದಿ ಬಸ್ ಹಿಡದು ನಮ್ಮ ಆಟ ನೋಡಾಕ ಬರತಾರ. ಎಲ್ಲಾ ಮ್ಯಾಚು ಗೆಲ್ತಾರ. ಫೈನಲ್‌ಗೆ ಏನ ಬಡಿತೈತಿ ಇವರಿಗೆ?"

ಯುಗಾದಿ ಮುಗಿದ ಮೇಲೆ, ಅರಳೆಯ ಸುಗ್ಗಿ ಇಳಿದ ಹೊತ್ತಿನಲ್ಲಿ, ಅವರದೇ ಮೈದಾನದಲ್ಲಿ ಪ್ರತಿವರ್ಷ ಟೂರ್ನಮೆಂಟ್ ನಡೆಯುತ್ತಿತ್ತು. ಶೀಲ್ಡು ಅವರ ತಂದೆಯ ಹೆಸರಿನದು. ತಂದೆಯ ಹೆಸರಿನ ಶೀಲ್ಡನ್ನು ಐದು ವರ್ಷದಿಂದ ಪರ ಊರಿನವರ ಕೈಗೆ ಕೊಟ್ಟು ಚಪ್ಪಾಳೆ ತಟ್ಟುತ್ತಿದ್ದರು. ಅದರ ಸಂಕಟ ಅವರ ಮುಖದಲ್ಲಿ ಕಾಣುತ್ತಿತ್ತು.

"ಈ ಸಲ ಸೋತರ ಕೀಪರನ್ನ ಬಿಡಿಸಿಬಿಡ್ತೀನಿ," ಎಂದರು. "ಹುಬ್ಬಳ್ಳಿಯಿಂದ ಹೊಸಬನ್ನ ತರತೀನಿ. ಹೊಸಬಗ ನೌಕರಿ ಬೇಕು, ಮನಿ ಬೇಕು. ಇರೂದು ಒಂದ ನೌಕರಿ, ಒಂದ ಮನಿ."

ಆ ನೌಕರಿಯಲ್ಲಿ, ಆ ಮನೆಯಲ್ಲಿ ಇದ್ದವರು ಚಾಚಾ. ತಂಡಕ್ಕೆಲ್ಲ ಅವರು ಚಾಚಾ, ಹಾಗಾಗಿ ನನಗೂ. ವಯಸ್ಸು ಮೂವತ್ತೇಳು. ಸಾಹುಕಾರರ ಅರಳೆ ಪ್ರೆಸ್ಸಿನ ಗೇಟು ಕಾಯುವ ಕೆಲಸ, ಕಂಪೌಂಡಿನ ಒಳಗೇ ಎರಡು ಖೋಲಿಯ ಮನೆ, ಹೆಂಡತಿ, ಮೂವರು ಹೆಣ್ಣುಮಕ್ಕಳು. ಗೋಲ್‌ಕೀಪರನಾಗಿದ್ದಕ್ಕೇ ಆ ಕೆಲಸ ಸಿಕ್ಕಿತ್ತು. ಕಾಲಿನ ಪ್ಯಾಡುಗಳಿಗೆ ಪ್ರೆಸ್ಸಿನ ಅರಳೆಯನ್ನೇ ತುಂಬಿ ತಾವೇ ಹೊಲಿದುಕೊಂಡಿದ್ದರು. ಮುಖಕ್ಕೆ ಆಗ ಯಾವ ಕವಚವೂ ಇರುತ್ತಿರಲಿಲ್ಲ. ಎಡ ಹುಬ್ಬಿನ ಮೇಲೆ ಮೂರು ಹೊಲಿಗೆಯ ಗುರುತಿತ್ತು.

ಮೊದಲ ದಿನವೇ ಅವರನ್ನು ಕೇಳಿದೆ. ಪ್ಯಾಡಿನ ಹೊಲಿಗೆ ಎಳೆದು ನೋಡುತ್ತ ಹೇಳಿದರು.

"ಐದೂ ಫೈನಲ್‌ನ್ಯಾಗ ನನ್ನ ಕಾಲಾಗಿಂದ ಗೋಲ್ ಹೋಗೇತ್ರಿ ಮಾಸ್ತರ್ರ. ಇಲ್ಲ ಅನ್ನಾಂಗಿಲ್ಲ. ಒಂದ ಸಲ ಒಂದು, ಒಂದ ಸಲ ಎರಡು. ಆದ್ರ ನಮ್ಮವರು ಐದು ವರ್ಷದಾಗ ಒಂದೂ ಹೊಡೀಲಿಲ್ಲಲ್ಲ, ಅದನ್ನ ಯಾರೂ ಕೇಳೂದಿಲ್ಲ."

ಈ ಮಾತು ನನ್ನ ತಲೆಯೊಳಗೆ ಕೂತುಬಿಟ್ಟಿತು. ನಾನು ಕೇಳಿದ ಉಳಿದ ಐವತ್ತು ಮಂದಿಯೂ ಕೀಪರನ ಬಗ್ಗೆಯೇ ಹೇಳಿದ್ದರು. ಒಬ್ಬರೂ ಫಾರ್ವರ್ಡ್‌ಗಳ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಫಾರ್ವರ್ಡ್‌ಗಳೆಂದರೆ ಊರಿನ ಮುದ್ದಿನ ಮಕ್ಕಳು. ಅವರು ಪೇಟೆಯಲ್ಲಿ ನಡೆದರೆ ಚಹಾದ ಅಂಗಡಿಯವರು ತಾವೇ ಕರೆದು ಕೂರಿಸುತ್ತಿದ್ದರು.

ಒಂದು ನೋಟ್‌ಬುಕ್ ಕೊಂಡೆ. ನಮ್ಮ ಹೆಚ್ಚಿನ ಗೋಲುಗಳು ಶಾರ್ಟ್ ಕಾರ್ನರಿನಿಂದಲೇ ಬರುತ್ತಿದ್ದವು. ಪ್ರತಿ ಮ್ಯಾಚಿನಲ್ಲಿ ನಮಗೆ ಸಿಕ್ಕ ಶಾರ್ಟ್ ಕಾರ್ನರ್ ಎಷ್ಟು, ಅದರಲ್ಲಿ ಏನಾಯಿತು ಎಂದು ಬರೆಯತೊಡಗಿದೆ. ಎದುರಿನವರು ತಮ್ಮ ಗೋಲಿನ ಹತ್ತಿರ ತಪ್ಪು ಮಾಡಿದರೆ ಸಿಗುವ ಈ ಶಾರ್ಟ್ ಕಾರ್ನರ್ ಆಗ ಮೂವರ ಕೆಲಸ. ಒಬ್ಬ ಗೋಲ್ ಗೆರೆಯಿಂದ ಚೆಂಡನ್ನು ಗೋಲಿನ ಮುಂದಿನ ಅರ್ಧಚಂದ್ರದ ಡಿ ಗೆರೆಯವರೆಗೆ ತಳ್ಳಬೇಕು. ಎರಡನೆಯವನು ಅಲ್ಲಿ ಬಗ್ಗಿ ಅದನ್ನು ಅಂಗೈಯಿಂದ ನೆಲಕ್ಕೆ ಒತ್ತಿ ನಿಲ್ಲಿಸಬೇಕು. ಆಗ ಕೈಯಿಂದ ನಿಲ್ಲಿಸಲು ಅನುಮತಿ ಇತ್ತು. ಮೂರನೆಯವನು ಓಡಿ ಬಂದು ಹೊಡೆಯಬೇಕು. ಎದುರಿನವರು ಗೋಲ್ ಗೆರೆಯಿಂದ ಮೈಮೇಲೆ ಬರುವಷ್ಟರಲ್ಲಿ ಈ ಮೂರೂ ಮುಗಿಯಬೇಕು. ನಮ್ಮ ಮೂವರಿಗೂ ಇದು ಎಷ್ಟು ರೂಢಿಯಾಗಿತ್ತೆಂದರೆ, ಹೊಡೆಯುವವನು ಚೆಂಡು ನೋಡಿ ಓಡುತ್ತಲೇ ಇರಲಿಲ್ಲ. ತಳ್ಳಿದ ಸದ್ದು ಕೇಳಿದ ಕೂಡಲೇ ಮನಸ್ಸಿನಲ್ಲಿ ಒಂದು, ಎರಡು ಎಂದು ಎಣಿಸಿ ಕಣ್ಣುಮುಚ್ಚಿ ಹೊಡೆದಂತೆ ಹೊಡೆಯುತ್ತಿದ್ದ. ಮುಂಡರಗಿಯ ಮೈದಾನದಲ್ಲಿ ಆರು ಶಾರ್ಟ್ ಕಾರ್ನರಿಗೆ ಮೂರು ಗೋಲು. ಶಿರಹಟ್ಟಿಯಲ್ಲಿ ನೆಲವೇ ಇಳಿಜಾರು, ನಡುನಡುವೆ ಕಲ್ಲು. ಅಲ್ಲೂ ಎರಡು ಗೋಲು. ಇಂಥ ತಂಡ ಐದು ಫೈನಲ್‌ನಲ್ಲಿ ಒಂದೂ ಗೋಲು ಹೊಡೆದಿಲ್ಲವೆಂದರೆ ನಾನು ಏನೆಂದು ತಿಳಿಯಲಿ?

ಮೊದಲು ಸ್ಟಿಕ್ಕಿನ ಮೇಲೆ ಅನುಮಾನ ಬಂತು. ಫೈನಲ್ ದಿನ ಬೆಳಗ್ಗೆ ಸಾಹುಕಾರರು ಎಲ್ಲರಿಗೂ ಹೊಸ ಸ್ಟಿಕ್ ಕೊಡುತ್ತಿದ್ದರಂತೆ. ಎಣ್ಣೆ ಕುಡಿಯದ, ಕೈಗೆ ಒಗ್ಗದ ಸ್ಟಿಕ್. ಸಿಕ್ಕಿಬಿದ್ದ ಕಳ್ಳ ಎಂದು ಹಿಗ್ಗಿ ಹೋದೆ. ನಡುವೆ ಆಡುವ ಸೆಂಟರ್ ಹಾಫ್ ಹುಡುಗ ನಕ್ಕುಬಿಟ್ಟ. "ಅವನ್ನ ಫೋಟೋದಾಗ ಹಿಡ್ಕೊಂಡ ನಿಂದ್ರತೀವ್ರಿ ಸರ. ಆಡೂದು ಹಳೇದರಾಗ." ಆ ಹಾಳೆಗೆ ಅಡ್ಡಗೆರೆ ಎಳೆದೆ.

ಆಮೇಲೆ ಊಟ. ಫೈನಲ್ ದಿನ ಮಧ್ಯಾಹ್ನ ಇಡೀ ತಂಡಕ್ಕೆ ಸಾಹುಕಾರರ ಮನೆಯಲ್ಲಿ ಹೂರಣದ ಹೋಳಿಗೆ, ಮೇಲೆ ಕೈ ತುಂಬ ತುಪ್ಪ. ಇದೇ ಇರಬೇಕು ಎಂದುಕೊಂಡೆ. ಅನ್ನ, ಸಾರು, ಮಜ್ಜಿಗೆ ಸಾಕು ಎಂದು ಹೇಳಲು ಹೋದಾಗ ಸಾಹುಕಾರರ ಅವ್ವ ನನ್ನನ್ನು ಅಡುಗೆಮನೆಯ ಬಾಗಿಲಲ್ಲೇ ತಡೆದರು.

"ಉಂಡ ಮಕ್ಕಳು ಓಡಾಂಗಿಲ್ಲಂತ ಯಾವ ಪುಸ್ತಕದಾಗ ಬರದೈತೋ ತಮ್ಮಾ? ಸೆಮಿಫೈನಲ್ ದಿನಾನೂ ಇಲ್ಲೇ ಉಂಡಾರ. ಅವತ್ತು ನಾಕು ಹೊಡದು ಬಂದ್ರು."

ವಿಚಾರಿಸಿದರೆ ಖರೆ. ಸೆಮಿಫೈನಲ್ ದಿನವೂ ಅದೇ ಹೋಳಿಗೆ, ಅದೇ ತುಪ್ಪ. ಇನ್ನೊಂದು ಅಡ್ಡಗೆರೆ. ಎದುರಾಳಿಗಳು ನಮ್ಮವರಿಗಿಂತ ಚೆನ್ನಾಗಿ ಆಡುತ್ತಾರೆಯೇ ಎಂದರೆ ಅದೂ ಅಲ್ಲ. ಫೈನಲ್‌ನಲ್ಲಿ ಸೋಲಿಸಿದವರನ್ನೇ ನಮ್ಮವರು ಬೇರೆ ಊರಿನಲ್ಲಿ ಎರಡು ಸಲ ಬಡಿದು ಬಂದಿದ್ದರು. ಹೆದರಿಕೆಯೋ ಎಂದರೆ, ಇಪ್ಪತ್ತು ಹಳ್ಳಿಯ ಮಂದಿಯ ಎದುರು ಕೂದಲು ತೀಡಿಕೊಳ್ಳುತ್ತ ಆಡುವ ಆ ಹುಡುಗರಿಗೆ ಹೆದರಿಕೆ ಎಂದರೇನು ಎಂದೇ ತಿಳಿದಿರಲಿಲ್ಲ. ಮಂದಿ ದೃಷ್ಟಿ ಎಂದರು, ಮೈದಾನದ ದಿಕ್ಕು ಸರಿಯಿಲ್ಲ ಎಂದರು. ಕೊನೆಕೊನೆಗೆ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವ ಮಟ್ಟಕ್ಕೆ ನಾನು ಬಂದಿದ್ದೆ.

ಲಕ್ಷ್ಮೇಶ್ವರದಲ್ಲಿ ಒಂದು ಮ್ಯಾಚ್ ಮುಗಿಸಿ ಬಸ್ ಸ್ಟ್ಯಾಂಡಿನ ಬಳಿ ಕುಳಿತಿದ್ದಾಗ ಅಲ್ಲಿಯ ದರ್ಜಿಯೊಬ್ಬರು ಬಂದು ಪಕ್ಕದಲ್ಲಿ ಕೂತರು. ನಮ್ಮ ತಂಡದ ಹುಚ್ಚು ಅಭಿಮಾನಿ. ಐದೂ ಫೈನಲ್ ನೋಡಿದವರು. ಗೋಲಿನ ಹಿಂದೆಯೇ ನಿಂತು ನೋಡುವುದು ಅವರ ರೂಢಿ. ಮಾತು ಎಲ್ಲಿಂದೆಲ್ಲಿಗೋ ಹೋಗಿ ಅವರ ಹೆಂಡತಿಯ ಹತ್ತಿರ ಬಂತು.

"ಫೈನಲ್ ನೋಡಿ ಮನಿಗೆ ಹೋದ್ರ ನಮ್ಮಾಕಿ ಬಾಗಲದಾಗ ನಿಂದ್ರಸ್ತಾಳ್ರಿ, ಚಪ್ಲಿ ಕೆರಕೊಂಡು ಒಳಗ ಬರ್ರಿ ಅಂತ. ಸೋತ ಸಂಕಟ ಒಂದು, ಈಕಿ ಕಾಟ ಒಂದು."

"ಚಪ್ಪಲಿಗೆ ಏನಾಗಿರತೈತಿ?"

"ರಾಡಿರಿ. ಬಾಕಿ ಮ್ಯಾಚಿಗೆ ಬರೇ ಧೂಳ. ಫೈನಲ್‌ಗೆ ರಾಡಿ ಹತ್ತತೈತಿ."

ನನಗೆ ಅರ್ಥವಾಗಲಿಲ್ಲ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಎಂಟು ದಿನಕ್ಕೊಮ್ಮೆ ನಲ್ಲಿಗೆ ನೀರು ಬರುವ ಊರಿನಲ್ಲಿ, ಕೆಸರು ಎಲ್ಲಿಂದ ಬರಬೇಕು? ಅಳುಕುತ್ತಲೇ ಮರುದಿನ ಸಾಹುಕಾರರ ಟ್ರ್ಯಾಕ್ಟರ್ ಡ್ರೈವರನನ್ನು ಕೇಳಿದೆ. ಅವನು ಅದರಲ್ಲೇನು ವಿಶೇಷ ಎಂಬಂತೆ ಹೇಳಿದ. ಫೈನಲ್ ದಿನ ದೊಡ್ಡ ದೊಡ್ಡವರು ಬಿಳಿ ಬಟ್ಟೆ ಹಾಕಿಕೊಂಡು ಶಾಮಿಯಾನದಲ್ಲಿ ಕೂರುತ್ತಾರೆ. ಅವರ ಮೇಲೆ ಧೂಳು ಹಾರಬಾರದೆಂದು ಸಾಹುಕಾರರ ತೋಟದ ಬಾವಿಯಿಂದ ಮೂರು ಟ್ಯಾಂಕರ್ ನೀರು ತಂದು ಇಡೀ ಮೈದಾನಕ್ಕೆ ಹೊಡೆಯುತ್ತಾರೆ. ಆಟಗಾರರು ಊಟ ಮಾಡಿ ಅಡ್ಡಾಗಿರುವ ಹೊತ್ತಿನಲ್ಲಿ ಈ ಕೆಲಸ ಮುಗಿದುಹೋಗಿರುತ್ತದೆ. ಅವರು ಸಂಜೆ ಬಂದಾಗ ನೆಲ ತಂಪಾಗಿ, ಕೆಂಪಗೆ, ಚೆಂದವಾಗಿ ಕಾಣುತ್ತದೆ. ಸೆಮಿಫೈನಲ್‌ಗೆ ದೊಡ್ಡವರು ಬರುವುದಿಲ್ಲವಲ್ಲ, ಹಾಗಾಗಿ ನೀರೂ ಇಲ್ಲ.

ನಮ್ಮ ಮೈದಾನ ಎರೆಭೂಮಿಯ ಮೇಲೆ ಒಂದು ಪದರ ಗರಸು, ಸಣ್ಣ ಕಲ್ಲಿನ ಕೆಂಪು ಮಣ್ಣು, ಹಾಸಿದ್ದು. ಒಣಗಿದಾಗ ಗಚ್ಚಿನಂತೆ ಗಟ್ಟಿ, ಚೆಂಡು ಜಾರಿಕೊಂಡು ಓಡುತ್ತದೆ. ಒದ್ದೆಯಾದರೆ ಕೆಳಗಿನ ಎರೆ ಉಬ್ಬಿ ಗರಸನ್ನು ಹಿಡಿದುಕೊಳ್ಳುತ್ತದೆ. ನಾನು ಪರೀಕ್ಷೆ ಮಾಡಲೇಬೇಕೆಂದು ಒಂದು ಟ್ಯಾಂಕರ್ ನೀರನ್ನು ಡಿ ಒಳಗೆ ಹೊಡೆಸಿದೆ. ಒಂದೂವರೆ ತಾಸು ಬಿಟ್ಟು ಮೂವರನ್ನೂ ನಿಲ್ಲಿಸಿ ಹನ್ನೆರಡು ಶಾರ್ಟ್ ಕಾರ್ನರ್ ಹೊಡೆಸಿದೆ. ಒಣ ನೆಲದಲ್ಲಿ ಎರಡು ಎಣಿಸುವಷ್ಟರಲ್ಲಿ ಬಂದು ಮುಟ್ಟುತ್ತಿದ್ದ ಚೆಂಡು ಮೂರು ಎಣಿಸಿದರೂ ಬರಲೊಲ್ಲದು. ಹೊಡೆಯುವವನು ರೂಢಿಯಂತೆ ಓಡಿಬಂದು, ಇನ್ನೂ ಉರುಳುತ್ತಿರುವ ಚೆಂಡಿನ ಮೇಲೆ ಸ್ಟಿಕ್ ಬೀಸಿ, ಗಾಳಿಗೆ ಹೊಡೆದು ನಿಲ್ಲುತ್ತಿದ್ದ. ಹನ್ನೆರಡರಲ್ಲಿ ಹತ್ತು ಹಾಳು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಖುಷಿ ಒಂದೇ ದಿನದ್ದು. ಮರುದಿನ ಮತ್ತೆ ನೀರು ಹೊಡೆಸಿ ಮತ್ತೆ ಹನ್ನೆರಡು ಹೊಡೆಸಿದರೆ ಏಳು ಗೋಲು. ಹುಡುಗರು ನಿಧಾನವಾಗಿ ಎಣಿಸಲು ಕಲಿತುಬಿಟ್ಟಿದ್ದರು. ಹಾಗಿದ್ದರೆ ಇದು ನೀರಿನ ದೋಷವೋ, ಒಂದೇ ದಿನದ ಅಭ್ಯಾಸದ ಕೊರತೆಯೋ? ಐದು ವರ್ಷದಲ್ಲಿ ಫೈನಲ್ ನಡೆಯುತ್ತಿರುವಾಗಲೇ ಇವರು ಯಾಕೆ ಕಲಿಯಲಿಲ್ಲ? ಕೇಳಿದರೆ ಹೊಡೆಯುವವನು ತಲೆ ಕೆರೆದುಕೊಂಡ. "ಫೈನಲ್‌ನ್ಯಾಗ ಎಣಸಾಕ ನೆನಪ ಇರ್ತೈತೇನ್ರಿ ಸರ," ಎಂದ. ನೋಟ್‌ಬುಕ್ಕಿನಲ್ಲಿ ಏನು ಬರೆಯಬೇಕೋ ತಿಳಿಯದೆ ಎರಡೂ ದಿನದ ಲೆಕ್ಕ ಬರೆದು ಕೆಳಗೆ ಒಂದು ಪ್ರಶ್ನೆಚಿಹ್ನೆ ಹಾಕಿದೆ.

ಸರಿ, ಫೈನಲ್‌ವರೆಗೂ ಒದ್ದೆ ನೆಲದಲ್ಲೇ ಅಭ್ಯಾಸ ಮಾಡಿಸೋಣ ಎಂದುಕೊಂಡೆ. ಮೂರನೆಯ ದಿನ ಟ್ಯಾಂಕರ್ ಮೈದಾನದ ಗೇಟಿಗೆ ಬರುವ ಹೊತ್ತಿಗೆ ಏಳೆಂಟು ಹೆಣ್ಣುಮಕ್ಕಳು ಖಾಲಿ ಕೊಡ ಹಿಡಿದು ಅಡ್ಡ ನಿಂತಿದ್ದರು. ಮುಂದೆ ನಿಂತಿದ್ದಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಮಾಸ್ತರ್ರ, ನಮ್ಮ ಮಕ್ಕಳಿಗೆ ಕುಡ್ಯಾಕ ನೀರಿಲ್ಲ. ನಿಮ್ಮ ಚೆಂಡಿಗೆ ದಿನಾ ಜಳಕ ಮಾಡಸ್ತೀರೇನು?"

ಟ್ಯಾಂಕರನ್ನು ಅವರ ಕೊಡಗಳಿಗೇ ಬಿಟ್ಟೆ. ಒದ್ದೆ ನೆಲದ ಅಭ್ಯಾಸ ಅಲ್ಲಿಗೆ ಮುಗಿಯಿತು. ಉಳಿದದ್ದು ಒಂದೇ ದಾರಿ: ಫೈನಲ್ ದಿನವೇ ನೀರು ಹೊಡೆಯದಂತೆ ನೋಡಿಕೊಳ್ಳುವುದು.

ಸಾಹುಕಾರರ ಮುಂದೆ ಇದನ್ನು ಇಟ್ಟಾಗ ಅವರು ಲೋಡು ಬಿಟ್ಟು ನೆಟ್ಟಗೆ ಕುಳಿತರು. ಐದು ವರ್ಷ ತಾವೇ ನಿಂತು ಹೊಡೆಸಿದ ನೀರು ತಮ್ಮ ತಂಡವನ್ನು ಸೋಲಿಸಿತು ಎಂದು ಒಬ್ಬ ಪಿ.ಟಿ. ಮಾಸ್ತರ ಬಂದು ಹೇಳಿದರೆ ಯಾರಿಗೆ ತಾನೇ ಹಿಡಿಸೀತು?

"ಮನಿಗೆ ಬಂದವರ ಮ್ಯಾಲೆ ಮಣ್ಣ ತೂರಿ ಕಳಸೂದೇನು ಮಾಸ್ತರ? ಮಂದಿ ಏನಂದಾರು? ಸಾವಕಾರಗ ಎರಡ ಕೊಡ ನೀರಿಗೆ ಗತಿ ಇಲ್ಲ ಅನ್ನಾಂಗಿಲ್ಲೇನು?"

"ಶಾಮಿಯಾನದ ಮುಂದ ಅಷ್ಟ ಹೊಡಸ್ರಿ ಸಾವಕಾರ್ರ. ಗೆರಿ ಒಳಗ ಬ್ಯಾಡ."

"ನಿಮಗ ಖಾತ್ರಿ ಐತೇನು?"

ಖಾತ್ರಿ ಇರಲಿಲ್ಲ. ಆದರೂ ಐತ್ರಿ ಎಂದೆ. ಚಾಚಾನ ಮನೆ ಉಳಿಯಬೇಕಾಗಿತ್ತು, ನನ್ನ ಮರ್ಯಾದೆಯೂ ಉಳಿಯಬೇಕಾಗಿತ್ತು. ಎರಡರಲ್ಲಿ ಯಾವುದು ಮೊದಲು ನಾಲಿಗೆಗೆ ಬಂತೋ ನಾನು ಹೇಳಲಾರೆ. ಸಾಹುಕಾರರು ನನ್ನ ಮುಖವನ್ನೇ ನೋಡಿ, "ಆತು, ನಿಮ್ಮ ಮಾತಿನ ಮ್ಯಾಲೆ ಬಿಡ್ತೀನಿ," ಎಂದರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ನೀರು ನಿಲ್ಲಿಸುವ ಬಗ್ಗೆ ನಾನು ಫಾರ್ವರ್ಡ್‌ಗಳನ್ನು ಕೇಳಿದೆ, ಹಾಫ್‌ಗಳನ್ನು ಕೇಳಿದೆ, ಡ್ರೈವರನನ್ನೂ ಕೇಳಿದೆ. ಚಾಚಾನನ್ನು ಕೇಳಲಿಲ್ಲ. ಗೋಲಿನಲ್ಲಿ ನಿಲ್ಲುವವನಿಗೆ ನೆಲ ಹೇಗಿದ್ದರೇನು ಎಂದು ತಿಳಿದಿದ್ದೆ. ಪಟಿಯಾಲದ ಆರು ವಾರದಲ್ಲಿ ಇದೊಂದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಫೈನಲ್ ದಿನ ಗದಗ-ಬೆಟಗೇರಿಯೆಲ್ಲ ಮೈದಾನದ ಸುತ್ತಲೇ ಇತ್ತು. ಶಿಗ್ಲಿಯಿಂದ, ಮುಂಡರಗಿಯಿಂದ ಟ್ರಕ್ಕು ತುಂಬ ಮಂದಿ ಬಂದಿದ್ದರು. ಬೇವಿನ ಮರಗಳ ಮೇಲೂ ಮಂದಿ. ಶಾಮಿಯಾನದ ಮುಂದೆ ಮಾತ್ರ ಒಂದು ಪಟ್ಟಿ ನೆಲ ಒದ್ದೆ, ಉಳಿದದ್ದು ಒಣ. ಎದುರು ಹುಬ್ಬಳ್ಳಿ ಕಡೆಯ ಗಟ್ಟಿ ತಂಡ. ಮೊದಲ ಹತ್ತು ನಿಮಿಷದಲ್ಲೇ ನಮಗೆ ಶಾರ್ಟ್ ಕಾರ್ನರ್ ಸಿಕ್ಕಿತು. ತಳ್ಳಿದ ಸದ್ದು, ಒಂದು, ಎರಡು, ಗೋಲಿನ ಹಲಗೆಗೆ ಚೆಂಡು ಬಡಿದ ಸದ್ದು. ಆರನೆಯ ಫೈನಲ್‌ನಲ್ಲಿ ಮೊದಲ ಗೋಲು. ಜನ ಕೂಗಿದ್ದು ಹುಲಕೋಟಿಯವರೆಗೆ ಕೇಳಿರಬೇಕು. ಅರ್ಧ ಆಟ ಮುಗಿಯುವ ಮೊದಲು ಇನ್ನೊಂದು. ಸಾಹುಕಾರರು ಶಾಮಿಯಾನದಿಂದ ಎದ್ದು ಬಂದು ನನ್ನ ಬೆನ್ನು ತಟ್ಟಿ ಹೋದರು. ನನ್ನ ಜನ್ಮ ಸಾರ್ಥಕವಾಯಿತು ಎಂದೇ ತಿಳಿದೆ.

ವಿರಾಮದ ನಂತರ ತಂಡಗಳು ದಿಕ್ಕು ಬದಲಿಸಿದವು. ಚಾಚಾ ಈಗ ಪೂರ್ವದ ಗೋಲಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಂತರು. ಇಳಿಯುವ ಸೂರ್ಯ ನೇರ ಕಣ್ಣಿಗೆ. ಐದು ಗಂಟೆ ದಾಟಿದ ಕೂಡಲೇ ಪಶ್ಚಿಮದಿಂದ ಗಾಳಿ ಎದ್ದಿತು. ಆ ತಿಂಗಳಲ್ಲಿ ದಿನವೂ ಏಳುವ ಗಾಳಿಯೇ, ಹೊಸದೇನಲ್ಲ. ಆದರೆ ಒಣ ಗರಸಿನ ಮೇಲೆ ಇಪ್ಪತ್ತು ಮಂದಿ ಓಡಾಡಿ ಎಬ್ಬಿಸಿದ ಧೂಳನ್ನೆಲ್ಲ ಆ ಗಾಳಿ ಎತ್ತಿಕೊಂಡು ಚಾಚಾನ ಗೋಲಿನೊಳಗೆ ತುಂಬತೊಡಗಿತು. ಅವರು ತೋಳಿನಿಂದ ಕಣ್ಣು ಒರೆಸಿಕೊಳ್ಳುವುದು ದೂರದಿಂದ ನನಗೆ ಕಾಣುತ್ತಿತ್ತು. ಎರಡು-ಒಂದಾಯಿತು. ಸ್ವಲ್ಪ ಹೊತ್ತಿಗೆ ಎರಡು-ಎರಡು. ಕೊನೆಯ ಐದು ನಿಮಿಷದಲ್ಲಿ ನಮ್ಮ ಡಿ ಒಳಗೆ ಹತ್ತು ಹನ್ನೆರಡು ಜನರ ತಳ್ಳಾಟ. ಕಂದು ಧೂಳಿನ ಒಳಗೆ ಬರೇ ಕಾಲುಗಳು ಕಾಣುತ್ತಿದ್ದವು. ಚೆಂಡು ಎಲ್ಲಿತ್ತೋ ನಾನಂತೂ ಕಾಣಲಿಲ್ಲ. ಹಲಗೆಗೆ ಬಡಿದ ಸದ್ದು ಮಾತ್ರ ಕೇಳಿತು.

ಮೂರು-ಎರಡರಿಂದ ಸೋತೆವು.

ಬಹುಮಾನ ಕೊಟ್ಟಾದ ಮೇಲೆ ಶಾಮಿಯಾನದ ಹಿಂದೆ ಸಾಹುಕಾರರು ಎಲ್ಲರನ್ನೂ ನಿಲ್ಲಿಸಿಕೊಂಡರು. ಅವರ ಬಿಳಿ ಅಂಗಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಬಂದ ದೊಡ್ಡವರು ಮುಖ ಒರೆಸಿಕೊಳ್ಳುತ್ತ ಹೋಗಿದ್ದನ್ನು ಅವರು ನೋಡಿದ್ದರು.

"ಧೂಳಿನ್ಯಾಗ ಕೀಪರಗ ಚೆಂಡ ಕಾಣಲಿಲ್ಲ," ಎಂದು ಅವರು ನನ್ನ ಕಡೆ ತಿರುಗಿದರು. "ನೀರ ಹೊಡದಿದ್ರ ಈ ಗೋಲ್ ಆಗ್ತಿರಲಿಲ್ಲ. ನೀರ ಬ್ಯಾಡಂತ ಅಂದವರು ನೀವು. ಖಾತ್ರಿ ಐತಿ ಅಂದವರೂ ನೀವ. ಗೆದ್ದ ಆಟಾನ ಕೈಯಾರೆ ಮಣ್ಣಿಗೆ ಹಾಕಿದ್ರಿ."

ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ತಲೆ ತಗ್ಗಿಸಿ ನಿಂತೆ. ನಾಳೆಯಿಂದ ಈ ಮೈದಾನದ ಕಡೆ ಬರುವಂತಿಲ್ಲ ಎಂದು ಖಚಿತವಾಯಿತು. ಅಷ್ಟರಲ್ಲಿ ಪ್ಯಾಡು ಬಿಚ್ಚುತ್ತ ನೆಲದ ಮೇಲೆ ಕೂತಿದ್ದ ಚಾಚಾ ಎದ್ದು ನಿಂತರು. ಕಣ್ಣು ಕೆಂಪಗೆ ಉರಿಯುತ್ತಿದ್ದವು.

"ಚೆಂಡ ಕಂಡಿತ್ರಿ ಸಾವಕಾರ್ರ," ಎಂದರು. "ಚಲೋತ್ನಾಗ ಕಂಡಿತ್ತು. ಕಾಲ ಬರಲಿಲ್ಲ. ವಯಸ್ಸಾತು."

ಸಾಹುಕಾರರು ಅವರನ್ನು ನೋಡಿದರು, ನನ್ನನ್ನು ನೋಡಿದರು. ಆಗ ನಾನು ಬಾಯಿ ಬಿಡಬೇಕಾಗಿತ್ತು. ಇಲ್ಲ, ಅವರಿಗೆ ಕಂಡಿರಲಾರದು, ಅಲ್ಲಿ ಯಾರಿಗೂ ಏನೂ ಕಾಣುತ್ತಿರಲಿಲ್ಲ, ತಪ್ಪು ನನ್ನದು ಎನ್ನಬೇಕಾಗಿತ್ತು. ಹೇಡಿ ನಾನು, ಅನ್ನಲಿಲ್ಲ. "ಆತು," ಎಂದರು ಸಾಹುಕಾರರು ಚಾಚಾನಿಗೆ. "ತಿಂಗಳ ಕೊನೀಗೆ ಮನಿ ಖಾಲಿ ಮಾಡು." ನನ್ನನ್ನು ಮಾತ್ರ ತಂಡದಲ್ಲೇ ಉಳಿಸಿಕೊಂಡರು. ಎರಡು ಗೋಲು ಹೊಡೆಸಿದ ಮಾಸ್ತರ ಎಂಬ ಹೆಸರು ಬಂದುಬಿಟ್ಟಿತ್ತಲ್ಲ.

ಚಾಚಾ ಮುಂಡರಗಿಗೆ ಹೋದರು. ಅಲ್ಲಿ ಅವರ ಭಾವಮೈದುನನ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ತಿದ್ದುವ ಕೆಲಸಕ್ಕೆ ಕೂತರು. ಐದು ಮಂದಿಯ ಸಂಸಾರ ಅವನ ಮನೆಯ ಪಡಸಾಲೆಯಲ್ಲಿ. ಹಿರಿಯ ಮಗಳು ಶಾಲೆ ಬಿಟ್ಟಳು. ಮಳೆಗಾಲದ ಒಂದು ಭಾನುವಾರ ನಾನು ಹೋಗಿ ಕೇಳಿದೆ, "ಚಾಚಾ, ಖರೆ ಹೇಳ್ರಿ. ಚೆಂಡ ಕಂಡಿತ್ತೇನು?"

ನೀರಿನ ಬುಟ್ಟಿಯಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತಿದ್ದವರು ತಲೆ ಎತ್ತದೆ ಹೇಳಿದರು: "ಒಮ್ಮೆ ಕಂಡಿತ್ತು ಅಂದಮ್ಯಾಲೆ ಮುಗೀತಲ್ರಿ ಮಾಸ್ತರ್ರ. ಊಟಾ ಮಾಡ್ಕೊಂಡ ಹೋಗ್ರಿ." ಅವರ ಹೆಂಡತಿ ರೊಟ್ಟಿ ಬಡಿದು ಬಡಿಸಿದಳು. ನಾನು ಉಂಡೆ. ಇಬ್ಬರೂ ನನ್ನ ಮೇಲೆ ಸಿಟ್ಟಾಗಿರಲಿಲ್ಲ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮರುವರ್ಷ ಹುಬ್ಬಳ್ಳಿಯಿಂದ ಹೊಸ ಕೀಪರ್ ಬಂದ. ಇಪ್ಪತ್ತೆರಡರ ಚುರುಕು ಹುಡುಗ. ಸಾಹುಕಾರರು ನನ್ನ ಮಾತಿಗೆ ಈ ಸಲ ಅರ್ಧ ಮಾತ್ರ ಒಪ್ಪಿದರು. ಎರಡೂ ಡಿಗಳನ್ನು ಒಣ ಬಿಟ್ಟು ನಡುವಿನ ಭಾಗಕ್ಕೆ ಹಗುರವಾಗಿ ನೀರು ಚಿಮುಕಿಸಿದರು. ಧೂಳು ಏಳಲಿಲ್ಲ, ಚೆಂಡೂ ನಿಲ್ಲಲಿಲ್ಲ. ಒಂದು ಶಾರ್ಟ್ ಕಾರ್ನರಿನಲ್ಲಿ ಗೋಲು ಹೊಡೆದು ಒಂದು-ಸೊನ್ನೆಯಿಂದ ಗೆದ್ದೆವು. ಸಾಹುಕಾರರ ತಂದೆಯ ಹೆಸರಿನ ಶೀಲ್ಡು ಕಡೆಗೂ ಅವರ ಮನೆಯ ಪಡಸಾಲೆಗೆ ಬಂತು. ಊರಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಹಳೇ ಕೀಪರ್ ಹೋದ, ಪೀಡೆ ತೊಲಗಿತು.

ಆ ಮಾತನ್ನು ಕೇಳಿ ಕೇಳಿ ನನಗೆ ತಡೆಯಲಾಗಲಿಲ್ಲ. ಗೆಲುವಿನ ಎಂಟನೆಯ ದಿನ ಸಾಹುಕಾರರ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಕಳೆದ ವರ್ಷ ಧೂಳಿನಲ್ಲಿ ಯಾರಿಗೂ ಏನೂ ಕಾಣುತ್ತಿರಲಿಲ್ಲ, ತಪ್ಪು ನನ್ನದೇ, ನಾನು ಬಾಯಿ ಮುಚ್ಚಿಕೊಂಡೆ ಎಂದೆ. ಈ ಸಲ ಗೆದ್ದದ್ದು ನೀರು ಸರಿಮಾಡಿದ್ದಕ್ಕೆ, ಕೀಪರ್ ಬದಲಾಗಿದ್ದಕ್ಕಲ್ಲ ಎಂದೆ. ಚಾಚಾನಿಗೆ ಗೇಟಿನ ಕೆಲಸ ಮರಳಿ ಕೊಡಿ, ಹೊಸ ಕೀಪರ್ ಇನ್ನೂ ಮದುವೆಯಾಗದ ಹುಡುಗ, ಅವನಿಗೆ ಒಂದು ಬಾಡಿಗೆ ಖೋಲಿ ಸಾಕು ಎಂದೆ.

ಸಾಹುಕಾರರು ಸಿಟ್ಟಾಗಲಿಲ್ಲ. ಪೂರ್ತಿ ಕೇಳಿದರು.

"ಅಂವ ನನಗೂ ಬೇಕಾದಂವನ ಮಾಸ್ತರ. ಹದಿನಾಲ್ಕು ವರ್ಷ ನನ್ನ ಗೇಟ ಕಾದಾನ," ಎಂದರು. "ಆದ್ರ ನೀವ ವಿಚಾರ ಮಾಡ್ರಿ. ನೀವು ಅಂತೀರಿ, ನೀರಿಂದ ಗೆದ್ವಿ ಅಂತ. ಊರ ಮಂದಿ ಅಂತಾರ, ಕೀಪರ ಹೋಗಿದ್ದಕ್ಕ ಗೆದ್ವಿ ಅಂತ. ಎರಡೂ ಒಂದ ವರ್ಷ ಬದಲಾದವು. ನಾ ಅವನ್ನ ತಿರುಗಿ ಕರಕೊಂಡ ಬಂದು ಮುಂದಿನ ವರ್ಷ ಸೋತರ ಈ ಮಂದಿ ಅವನ ಮಕ್ಕಳನ್ನ ಬೀದ್ಯಾಗ ತಿರಗಾಡಾಕ ಬಿಡಾಂಗಿಲ್ಲ. ಅದಕ್ಕ ನೀವು ಒಂದ ಮಾತ ಹೇಳ್ರಿ. ಅಂವ ಗೋಲಿನ್ಯಾಗ ಇದ್ರೂ ಈ ಸಲ ನಾವು ಗೆಲ್ತಿದ್ವಿ ಅಂತ ಆಣಿ ಮಾಡ್ರಿ. ನಿಮ್ಮ ಮಾತಿನ ಮ್ಯಾಲೆ ಊರಿಗೆಲ್ಲಾ ಹೇಳಿ ನಾಳೆನ ಅವನ್ನ ಕರಸ್ತೀನಿ."

ಅವರು ಕಾದರು. ನಾನು ಆ ಆಟವನ್ನು ಮೊದಲಿನಿಂದ ಕೊನೆಯವರೆಗೆ ಮನಸ್ಸಿನಲ್ಲಿ ಆಡಿದೆ. ಕೊನೆಯ ಕ್ಷಣಗಳಲ್ಲಿ ಹೊಸ ಹುಡುಗ ಎಡಕ್ಕೆ ಹಾರಿ ಕಾಲಿನ ತುದಿಯಿಂದ ಒಂದು ಚೆಂಡನ್ನು ಹೊರಗೆ ಹಾಕಿದ್ದ. ಮೂವತ್ತೆಂಟರ ಚಾಚಾ ಅದನ್ನು ಮುಟ್ಟುತ್ತಿದ್ದರೇ? ಮುಟ್ಟುತ್ತಿದ್ದರು ಎಂದು ಒಮ್ಮೆ ಅನ್ನಿಸಿತು. ಮತ್ತೊಮ್ಮೆ ಅನ್ನಿಸಲಿಲ್ಲ. ಎರಡು ವರ್ಷ ನೋಡಿ, ಎಣಿಸಿ, ಬರೆದು, ಕಡೆಗೆ ನಾನು ಮೊದಲ ದಿನ ಎಲ್ಲಿದ್ದೆನೋ ಅಲ್ಲೇ ಇದ್ದೆ.

"ಗೊತ್ತಿಲ್ರಿ ಸಾವಕಾರ್ರ," ಎಂದೆ.

ಚಾಚಾ ಅವತ್ತು ನನಗಾಗಿ ಸುಳ್ಳು ಹೇಳಿದರೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಅವರಿಗಾಗಿ ಒಂದು ಸುಳ್ಳು ಹೇಳಬೇಕಾಗಿದ್ದ ದಿನ ನಾನು ನಿಜ ಹೇಳಿಬಿಟ್ಟೆ, ಅದಂತೂ ಗೊತ್ತು.